ಚಾಕೊಲೇಟ್ ಸಿಸ್ಟ್ ಇದೆ, ಸಿಎ-125 ಜಾಸ್ತಿ ಬಂದಿದೆ. ಅಂಡಾಶಯ ತೆಗೆಸಬೇಕಾ, ಹಾಗೇ ಬಿಡಬೇಕಾ?

ಆರು ವರ್ಷದಿಂದ 5 ಸೆಂ.ಮೀ. ಸಿಸ್ಟ್, ಸಿಎ-125 (ಅಂಡಾಶಯದ ಕ್ಯಾನ್ಸರ್ ಅನುಮಾನಕ್ಕೆ ನೋಡುವ ರಕ್ತಪರೀಕ್ಷೆ) ಈಗ 78, ಮುಂದೆ ಕ್ಯಾನ್ಸರ್ ಆಗುತ್ತೆ ಅಂತ ಯಾರೋ ಹೆದರಿಸಿದ್ದಾರೆ ಅಂದಿದ್ದೀರಿ. ಓದಿ ಎದೆ ಧಸಕ್ಕೆಂದಿತು. ನಾನೂ ವರ್ಷಗಟ್ಟಲೆ ಈ ಎರಡು ಸಂಖ್ಯೆ ಹಿಡಿದುಕೊಂಡೇ ಕೂತಿದ್ದವಳು.

ನನಗೆ ಎಂಡೊಮೆಟ್ರಿಯೋಸಿಸ್ ಅಂತ ಗೊತ್ತಾಗಿದ್ದು 35ನೇ ವಯಸ್ಸಿನಲ್ಲಿ. ಅದಕ್ಕೂ ಹತ್ತು ವರ್ಷ ಮೊದಲಿಂದ ಮುಟ್ಟಿನ ಮೊದಲೆರಡು ದಿನ ನೆಟ್ಟಗೆ ನಿಲ್ಲಲು ಆಗುತ್ತಿರಲಿಲ್ಲ. "ಎಲ್ಲರಿಗೂ ಇರೋದೇ, ಮಗು ಆದ್ಮೇಲೆ ಸರಿಹೋಗುತ್ತೆ" ಅಂತ ಅಮ್ಮನೂ ಅಂದರು, ಮೊದಲು ನೋಡಿದ ಡಾಕ್ಟರೂ ಅಂದರು. ಕೊನೆಗೆ ಸ್ಕ್ಯಾನಿಂಗ್‌ನಲ್ಲಿ ಎಡ ಅಂಡಾಶಯದಲ್ಲಿ ಸಿಸ್ಟ್ ಕಂಡಿತು. ಗರ್ಭಕೋಶದ ಒಳಪದರದಂಥದ್ದೇ ಅಂಗಾಂಶ ಅಲ್ಲಿ ಬೆಳೆದಿತ್ತು. ತಿಂಗಳು ತಿಂಗಳು ಅದರಿಂದಲೂ ರಕ್ತ ಬರುತ್ತೆ, ಆದರೆ ಹೊರಗೆ ಹೋಗಲು ದಾರಿ ಇಲ್ಲ. ಒಳಗೇ ನಿಂತು, ಹಳತಾಗಿ, ಕಂದು ಬಣ್ಣಕ್ಕೆ ತಿರುಗುತ್ತೆ. ಚಾಕೊಲೇಟ್ ಅನ್ನೋ ಹೆಸರು ಬಂದಿದ್ದು ಅದರಿಂದಲೇ.

ಮಾತ್ರೆ ಶುರುವಾಯಿತು, ನೋವು ಇಳಿಯಿತು. ವರ್ಷಕ್ಕೊಮ್ಮೆ ಸ್ಕ್ಯಾನ್ ಮಾಡಿಸಿ ಅಂದರು. ನಾನು ಒಂದು ಸಣ್ಣ ನೋಟ್‌ಬುಕ್ ಇಟ್ಟೆ. ಎಡಗಡೆ ತಾರೀಖು, ಬಲಗಡೆ ಅಳತೆ. 4.2, 4.6, 4.9, 4.7, ಹೀಗೆ. ಪುಟದ ಕೆಳಗೆ ಸಿಎ-125. ಒಂದು ಸಲ 96 ಬಂದಾಗ ಮೂರು ರಾತ್ರಿ ನಿದ್ದೆ ಮಾಡಲಿಲ್ಲ. ಏನೂ ಇರಲಿಲ್ಲ. ಮುಟ್ಟಿನ ದಿನ ರಕ್ತ ಕೊಟ್ಟಿದ್ದೆ, ಅಷ್ಟೆ. ಮುಟ್ಟಿನಲ್ಲೂ ಅದು ಏರುತ್ತೆ, ಎಂಡೊಮೆಟ್ರಿಯೋಸಿಸ್‌ನಿಂದಲೂ ಏರುತ್ತೆ. ಸಿಎ-125ಕ್ಕೆ ಸಾಮಾನ್ಯ ಮಿತಿ ಅಂತ ಇಟ್ಟಿರುವ 35 ದಾಟಿದ ಕೂಡಲೇ ಕ್ಯಾನ್ಸರ್ ಅಂತಲ್ಲ. ನಿಮ್ಮ 78 ನೋಡಿ ನಾನು ಹೆದರುವುದಿಲ್ಲ. ಅದು 20 ಬಂದಿದ್ದರೂ ನೆಮ್ಮದಿ ಪಡುತ್ತಿರಲಿಲ್ಲ.

ಈಗ ನನ್ನ ತಪ್ಪಿನ ವಿಷಯ. ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ, ದಯವಿಟ್ಟು ಪೂರ್ತಿ ಓದಿ.

ನನಗಾಗ 46. ಮುಟ್ಟು ಎರಡು ಮೂರು ತಿಂಗಳಿಗೊಮ್ಮೆ ಆಗುತ್ತಿತ್ತು, ನೋವು ಹೆಚ್ಚುಕಮ್ಮಿ ಹೋಗಿಯೇ ಬಿಟ್ಟಿತ್ತು. ಆ ವರ್ಷದ ಸ್ಕ್ಯಾನ್ ರಿಪೋರ್ಟ್ ಕೈಗೆ ಬಂತು. ಮೊದಲ ಸಾಲು: ಎಡ ಅಂಡಾಶಯದಲ್ಲಿ ಸಿಸ್ಟ್, 5.1 ಸೆಂ.ಮೀ. ನೋಟ್‌ಬುಕ್ ತೆಗೆದು 5.1 ಬರೆದೆ. ಮನೆಯವರಿಗೆ "ಹಾಗೇ ಇದೆ" ಅಂದೆ. ರಿಪೋರ್ಟನ್ನು ಫೈಲಿಗೆ ಸೇರಿಸಿದೆ. ಅಳತೆ ಬದಲಾಗಿಲ್ಲವಲ್ಲ, ಸುಮ್ನೆ ಯಾಕೆ ಹೋಗೋದು ಅಂತ ಡಾಕ್ಟರ ಹತ್ತಿರವೂ ಹೋಗಲಿಲ್ಲ.

ಎರಡನೇ ಸಾಲು ಓದಲಿಲ್ಲ. ಸಿಸ್ಟಿನ ಒಳಗೋಡೆಗೆ ಅಂಟಿಕೊಂಡು 7 ಮಿ.ಮೀ. ಗಂಟು, ಅದರೊಳಗೆ ರಕ್ತದ ಹರಿವು ಕಾಣುತ್ತಿದೆ, ಕಾಂಟ್ರಾಸ್ಟ್ (ರಕ್ತನಾಳಕ್ಕೆ ಕೊಡುವ ಔಷಧ) ಹಾಕಿ ಎಂಆರ್‌ಐ ಮಾಡಿಸುವುದು ಒಳ್ಳೆಯದು ಅಂತ ಅಲ್ಲಿ ಬರೆದಿತ್ತು.

ಆ ಸಾಲಿನ ಅರ್ಥ ನನಗೆ ಗೊತ್ತಾಗಿದ್ದು ತಡವಾಗಿ. ಸಾಮಾನ್ಯ ಚಾಕೊಲೇಟ್ ಸಿಸ್ಟ್ ಒಳಗೆ ಒಂದೇ ಸಮನೆ ಮಸುಕಾಗಿ ಕಾಣುತ್ತೆ, ಗಾಜಿನ ಮೇಲೆ ಮಂಜು ಕೂತ ಹಾಗೆ. ಕೆಲವು ಸಲ ಗೋಡೆಗೆ ಗಂಟಿನಂಥದ್ದು ಅಂಟಿರುತ್ತೆ. ಅದು ಹಳೇ ರಕ್ತದ ಹೆಪ್ಪಾಗಿರಬಹುದು. ಹೆಪ್ಪಿಗೆ ರಕ್ತನಾಳ ಇರೋದಿಲ್ಲ. ಬೆಳೆಯುತ್ತಿರುವ ಅಂಗಾಂಶಕ್ಕೆ ರಕ್ತ ಬೇಕೇ ಬೇಕು. ಅದಕ್ಕೇ ರಕ್ತದ ಚಲನೆ ತೋರಿಸುವ ಡಾಪ್ಲರ್ ಸ್ಕ್ಯಾನ್‌ನಲ್ಲಿ ಹರಿವು ಕಂಡಿತಾ, ಎಂಆರ್‌ಐನಲ್ಲಿ ಆ ಗಂಟು ಔಷಧ ಹೀರಿಕೊಂಡು ಬೆಳ್ಳಗೆ ಹೊಳೆಯಿತಾ ಅಂತ ನೋಡುವುದು. ಸಿಸ್ಟು 5 ಇದ್ದು ಒಳಗೆ ಗಂಟಿದ್ದರೆ ಅದು, 8 ಇದ್ದು ಒಳಗೆ ಮಸುಕು ಮಾತ್ರ ಇರುವುದಕ್ಕಿಂತ ಹೆಚ್ಚು ಆತುರದ ವಿಷಯ. ನಾನು ಚೀಲ ಅಳೆಯುತ್ತಿದ್ದೆ. ನೋಡಬೇಕಾಗಿದ್ದು ಚೀಲದ ಒಳಗೋಡೆ.

ಹನ್ನೊಂದು ತಿಂಗಳು ಹೋಯಿತು. ಒಂದು ದಿನ ಎಡಗಾಲಿನ ಮೀನಖಂಡ ಬಾತು ಬಿಗಿಯಾಯಿತು. ಜಾಸ್ತಿ ಹೊತ್ತು ನಿಂತಿದ್ದಕ್ಕೆ ಇರಬೇಕು ಅಂದುಕೊಂಡೆ. ಆಮೇಲೆ ಹೊಟ್ಟೆ ಉಬ್ಬರ, ಎರಡು ತುತ್ತಿಗೇ ಸಾಕು ಅನಿಸೋದು. ಕಾಲಿನದು ರಕ್ತ ಹೆಪ್ಪುಗಟ್ಟಿದ್ದು. ಸಿಸ್ಟ್ 9 ಸೆಂ.ಮೀ. ಆಗಿತ್ತು, ಒಳಗಿನ ಗಂಟು 4. ಸಿಎ-125 ಎಷ್ಟಿತ್ತು ಗೊತ್ತಾ? 41. ಏನೂ ಇಲ್ಲದಾಗ 96, ಎಲ್ಲಾ ಇದ್ದಾಗ 41.

ಡಾಕ್ಟರು ಎರಡೂ ರಿಪೋರ್ಟ್ ಪಕ್ಕಪಕ್ಕ ಇಟ್ಟರು. ಹಳೆಯದರ ಎರಡನೇ ಸಾಲಿನ ಕೆಳಗೆ ಉಗುರಿನಿಂದ ಗೀರು ಎಳೆದು, "ಇದನ್ನ ಯಾರಿಗೆ ತೋರಿಸಿದ್ರಿ?" ಅಂದರು. ಯಾರಿಗೂ ಇಲ್ಲ. ಅವರು ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

ಅದು ಕ್ಲಿಯರ್ ಸೆಲ್ ಕಾರ್ಸಿನೋಮಾ. ಅಂಡಾಶಯದ ಕ್ಯಾನ್ಸರ್‌ಗಳಲ್ಲಿ ಅಪರೂಪದ್ದು. ಇದು ಮತ್ತು ಎಂಡೊಮೆಟ್ರಿಯಾಯ್ಡ್ ಅನ್ನೋ ಇನ್ನೊಂದು ಬಗೆ, ಇವೆರಡಕ್ಕೇ ಎಂಡೊಮೆಟ್ರಿಯೋಸಿಸ್ ಜೊತೆ ಹೆಚ್ಚು ನಂಟು. ರಕ್ತ ಹೆಪ್ಪುಗಟ್ಟಿಸುವುದೂ ಕ್ಲಿಯರ್ ಸೆಲ್‌ನ ಒಂದು ಗುಣವಂತೆ. ಗರ್ಭಕೋಶ, ಎರಡೂ ಅಂಡಾಶಯ, ಕರುಳಿನ ಮುಂದಿನ ಕೊಬ್ಬಿನ ಪದರ ಎಲ್ಲಾ ತೆಗೆದರು. ಸಿಸ್ಟ್ ಕರುಳಿಗೆ ಗಟ್ಟಿಯಾಗಿ ಅಂಟಿಕೊಂಡಿತ್ತು, ಬಿಡಿಸುವಾಗ ಒಡೆಯಿತು. ಒಡೆಯದೆ ಬಂದಿದ್ದರೆ 1ಎ ಹಂತ, ಒಡೆದಿದ್ದಕ್ಕೆ ಅದಕ್ಕಿಂತ ಮುಂದಿನ 1ಸಿ. ಆರು ಸುತ್ತು ಕೀಮೋ ಆಯಿತು. 7 ಮಿ.ಮೀ. ಇದ್ದಾಗಲೇ ಹೋಗಿದ್ದರೆ ಒಡೆಯುತ್ತಿರಲಿಲ್ಲವಾ ಅಂತ ಕೇಳಿದೆ. "ಖಂಡಿತ ಅಂತ ಹೇಳೋಕಾಗಲ್ಲ, ಆದ್ರೆ ಇಷ್ಟು ಅಂಟಿರ್ತಿರಲಿಲ್ಲ ಅನ್ಸುತ್ತೆ" ಅಂದರು. ಆ ಮಾತು ಇನ್ನೂ ಕಿವಿಯಲ್ಲಿದೆ. ಈಗ ಐದು ವರ್ಷ ಆಯಿತು, ಆರಾಮಾಗಿದ್ದೇನೆ.

ಪೆಥಾಲಜಿ (ತೆಗೆದ ಅಂಗಾಂಶದ ಪರೀಕ್ಷೆ) ರಿಪೋರ್ಟಿನಲ್ಲಿ "ಗಡ್ಡೆಯ ಪಕ್ಕದಲ್ಲೇ ಎಂಡೊಮೆಟ್ರಿಯೋಸಿಸ್ ಇದೆ" ಅಂತ ಇತ್ತು. ಇದೇ ನಂಟನ್ನು ಜಾನ್ ಸ್ಯಾಂಪ್ಸನ್ ಅನ್ನೋ ಅಮೆರಿಕದ ವೈದ್ಯರು 1925ರಲ್ಲೇ ಬರೆದಿದ್ದರು. ನೂರು ವರ್ಷದಿಂದ ಗೊತ್ತಿರುವ ವಿಷಯ, ನನಗೆ ತಲುಪಲು ಇಷ್ಟು ತಡವಾಯಿತು.

ಹಾಗಂತ ನಾಳೆಯೇ ಅಂಡಾಶಯ ತೆಗೆಸಿ ಅಂತ ನಾನು ಹೇಳೋದಿಲ್ಲ. ನೀವು ಕೇಳಿದ ಪ್ರಶ್ನೆಯೇ ಸರಿಯಿಲ್ಲ ಅನಿಸುತ್ತೆ, ಬೇಜಾರು ಮಾಡ್ಕೋಬೇಡಿ. ತೆಗೆಸಲಾ ಬಿಡಲಾ ಅನ್ನೋದು ಆಮೇಲೆ ಬರುವ ಮಾತು. ಮೊದಲು ಆ ಸಿಸ್ಟಿನ ಒಳಗೆ ಏನು ಕಾಣುತ್ತಿದೆ? ಎಂಡೊಮೆಟ್ರಿಯೋಸಿಸ್ ಇರುವ ಹೆಂಗಸರಲ್ಲಿ ಜೀವಮಾನದಲ್ಲಿ ಅಂಡಾಶಯದ ಕ್ಯಾನ್ಸರ್ ಆಗುವವರು ನೂರಕ್ಕೆ ಇಬ್ಬರಿಗೂ ಕಮ್ಮಿ. ಎಂಡೊಮೆಟ್ರಿಯೋಸಿಸ್ ಇಲ್ಲದವರಲ್ಲಿ ಅದು ನೂರಕ್ಕೆ ಸುಮಾರು 1.3. ಅಂತರ ಇದೆ, ಆದರೆ ಸಣ್ಣದು. ಈ ಭಯಕ್ಕೆ ಮುಟ್ಟು ನಿಲ್ಲುವ ಮೊದಲೇ ಎರಡೂ ಅಂಡಾಶಯ ತೆಗೆಸಿಬಿಟ್ಟರೆ ಮೂಳೆಗೂ ಹೃದಯಕ್ಕೂ ಪೆಟ್ಟು. ಸಿಸ್ಟ್ ಮಾತ್ರ ತೆಗೆಸಿದರೂ ಮೊಟ್ಟೆಗಳು ಕಮ್ಮಿಯಾಗುತ್ತವೆ. ಮಗು ಬೇಕು ಅಂತಿದ್ದರೆ ಅದನ್ನು ಮೊದಲೇ ಮಾತಾಡಿ. ಬರೀ ಸೂಜಿ ಹಾಕಿ ನೀರು ತೆಗೆಸುವುದನ್ನು ಮಾತ್ರ ನಾನು ಒಪ್ಪೋದಿಲ್ಲ. ಮತ್ತೆ ತುಂಬಿಕೊಳ್ಳುತ್ತೆ, ಗೋಡೆ ಹಾಗೇ ಉಳಿಯುತ್ತೆ, ಪರೀಕ್ಷೆಗೆ ಕಳಿಸಲು ಅಂಗಾಂಶವೇ ಸಿಗೋದಿಲ್ಲ.

ತೆಗೆದದ್ದು ಏನೇ ಇರಲಿ, ಪೆಥಾಲಜಿಗೆ ಹೋಗಲೇಬೇಕು. ಇದನ್ನು ನನಗೆ ಕಲಿಸಿದ್ದು ಕೀಮೋ ವಾರ್ಡಿನ ಹೊರಗೆ ಪರಿಚಯವಾದ ಒಬ್ಬ ಅಕ್ಕ. ಅವರಿಗೆ ಫೈಬ್ರಾಯ್ಡ್ (ಕ್ಯಾನ್ಸರ್ ಅಲ್ಲದ ಗಡ್ಡೆ) ಅಂತಲೇ ಗರ್ಭಕೋಶ ತೆಗೆದಿದ್ದು. ಪೆಥಾಲಜಿಯಲ್ಲಿ ಅದು ಎಂಡೊಮೆಟ್ರಿಯಲ್ ಸ್ಟ್ರೋಮಲ್ ಸಾರ್ಕೋಮಾ ಅಂತ ಬಂತು. ಒಳಪದರಕ್ಕೆ ಆಧಾರವಾಗಿರುವ ಅಂಗಾಂಶದ ಗಡ್ಡೆ ಅದು, ತುಂಬಾ ಅಪರೂಪ. ಒಮ್ಮೊಮ್ಮೆ ಗರ್ಭಕೋಶದ ಹೊರಗೆ, ಎಂಡೊಮೆಟ್ರಿಯೋಸಿಸ್ ಇರುವ ಜಾಗದಲ್ಲೂ ಹುಟ್ಟುತ್ತೆ. ಅವರದ್ದು ನಿಧಾನವಾಗಿ ಬೆಳೆಯುವ ಬಗೆ. ಅದಕ್ಕೆ ಈಸ್ಟ್ರೋಜನ್ನೇ ಆಹಾರ. ಅವರ ಚಿಕಿತ್ಸೆ ಈಸ್ಟ್ರೋಜನ್ ತಗ್ಗಿಸುವ ಲೆಟ್ರೊಜೋಲ್ ಮಾತ್ರೆ. ಹತ್ತಿಪ್ಪತ್ತು ವರ್ಷದ ಮೇಲೂ ಮರಳಬಹುದು ಅಂತ ತಪ್ಪದೆ ತೋರಿಸಿಕೊಳ್ಳುತ್ತಾರೆ. ಪೆಥಾಲಜಿ ರಿಪೋರ್ಟ್ ಬರದಿದ್ದರೆ ಅವರು ಮುಟ್ಟು ನಿಂತ ಬಿಸಿಗೆ ಈಸ್ಟ್ರೋಜನ್ ಮಾತ್ರೆ ತಗೋತಿದ್ದರು.

ಆದ್ದರಿಂದ ಒಂದು ಕೆಲಸ ಮಾಡಿ. ಆರು ವರ್ಷದ ರಿಪೋರ್ಟುಗಳನ್ನೂ ಫಿಲ್ಮು, ಸಿಡಿ ಸಮೇತ ಒಟ್ಟು ಮಾಡಿ, ಎಂಡೊಮೆಟ್ರಿಯೋಸಿಸ್ ಹೆಚ್ಚು ನೋಡುವ ಒಬ್ಬರೇ ಡಾಕ್ಟರಿಗೆ ತೋರಿಸಿ. ಗಂಟು ಇದೆಯಾ, ಇದ್ದರೆ ರಕ್ತದ ಹರಿವು ಇದೆಯಾ, ಹೋದ ಸಲಕ್ಕೂ ಈ ಸಲಕ್ಕೂ ಒಳಗೆ ಏನು ಬದಲಾಗಿದೆ ಅಂತ ಕೇಳಿ. ಅನುಮಾನ ಇದ್ದರೆ ಕಾಂಟ್ರಾಸ್ಟ್ ಎಂಆರ್‌ಐ. ಮುಟ್ಟು ನಿಂತ ಮೇಲೆ ಸಿಸ್ಟ್ ಬೆಳೆದರೆ ಒಂದು ವಾರವೂ ಕಾಯಬೇಡಿ. ನೋವು ಹೋಯಿತು ಅಂತ ಸ್ಕ್ಯಾನ್ ನಿಲ್ಲಿಸಬೇಡಿ, ನನ್ನ ನೋವೂ ಹೋಗಿತ್ತು.

ಈಗಲೇ ಫೈಲ್ ತೆಗೆದು ಕೊನೆಯ ರಿಪೋರ್ಟಿನಲ್ಲಿ ಅಳತೆಯ ಕೆಳಗೆ ಏನು ಬರೆದಿದೆ ನೋಡಿ. ಅರ್ಥವಾಗದಿದ್ದರೆ ಆ ಸಾಲನ್ನು ಹಾಗೇ ಇಲ್ಲಿ ಬರೆಯಿರಿ, ನನಗೆ ತಿಳಿದಷ್ಟು ಹೇಳುತ್ತೇನೆ.