ಹತ್ತನೆಯವರು: ಠಾಣೆಯ ಹಿರಿಯರೊಬ್ಬರ ಆಪ್ತಸಲಹೆ ಪ್ರಕರಣ

ಇಲ್ಲಿ ಶ್ರೀ ಎ. ಎಂದು ಕರೆದಿರುವವರ ಗುರುತು ಸಿಗಬಾರದೆಂದು ಮನೆಯ ಹಾಗೂ ವೃತ್ತಿಯ ವಿವರಗಳನ್ನು ಬದಲಿಸಿದ್ದೇನೆ. ಅವರು ಮುಂಬೈ ಪಕ್ಕದ ಠಾಣೆಯಲ್ಲಿ ವಾಸವಾಗಿರುವ, 78 ವರ್ಷದ, ಬೆನೆ ಇಸ್ರೇಲ್ ಸಮುದಾಯದ ಯಹೂದಿ. ಮನೆಮಾತು ಮರಾಠಿ, ನಮ್ಮ ಮಾತುಕತೆ ನಡೆದದ್ದೂ ಮರಾಠಿಯಲ್ಲೇ. ಪತ್ನಿ ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ. ಮಗನೂ ಮಗಳೂ ಇಸ್ರೇಲಿನ ಅಶ್ದೋದ್‌ನಲ್ಲಿ ನೆಲೆಸಿದ್ದಾರೆ. ಬಹಳ ಕಾಲ ಯಹೂದಿಗಳ ಪ್ರಾರ್ಥನಾಮಂದಿರವಾದ ಸಿನಗಾಗ್‌ನಲ್ಲಿ ಮುಂದೆ ನಿಂತು ಪ್ರಾರ್ಥನೆ ಹಾಡಿ ನಡೆಸಿಕೊಟ್ಟವರು; ಲಘುವಾಗಿ ಪಾರ್ಶ್ವವಾಯು ಬಡಿದ ಮೇಲೆ ನಾಲಿಗೆ ತೊದಲುತ್ತದೆ, ದೀರ್ಘವಾದ ರಾಗಕ್ಕೆ ಉಸಿರು ಸಾಲುವುದಿಲ್ಲ. ಆ ನಾಚಿಕೆಯಿಂದ ಸಿನಗಾಗ್‌ಗೆ ಹೋಗುವುದನ್ನೇ ಬಿಟ್ಟಿದ್ದರು. ಊಟ ಕಡಿಮೆಯಾಗಿತ್ತು, ನಿದ್ದೆ ಬೆಳಗಿನ ಜಾವ ಮೂರಕ್ಕೇ ಮುಗಿಯುತ್ತಿತ್ತು. ಅವರನ್ನು ನನ್ನಲ್ಲಿಗೆ ಕರೆತಂದವರು ನೆರೆಮನೆಯವರು.

ಮೊದಲ ಭೇಟಿಯಲ್ಲೇ ಅವರು, "ನಾನಿದ್ದರೂ ಒಂದೇ, ಇಲ್ಲದಿದ್ದರೂ ಒಂದೇ" ಎಂದರು. ಇಂಥ ಮಾತನ್ನು ವಯಸ್ಸಾದವರ ಬೇಸರವೆಂದು ತಳ್ಳಿಹಾಕುವಂತಿಲ್ಲ. ಪ್ರಾಣ ಕಳೆದುಕೊಳ್ಳುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ ಕೇಳಿದೆ. ಅಂಥ ಉದ್ದೇಶವಿಲ್ಲ, ಆದರೆ ಬೆಳಗ್ಗೆ ಏಳದಿದ್ದರೆ ಚೆನ್ನಾಗಿತ್ತು ಎನಿಸುತ್ತದೆ ಎಂದರು. ಪಾರ್ಶ್ವವಾಯುವಿನ ನಂತರ ಖಿನ್ನತೆ ಕಾಣಿಸಿಕೊಳ್ಳುವುದು ಅಪರೂಪವಲ್ಲವಾದ್ದರಿಂದ, ಬೇರೆ ಯಾವ ಸಲಹೆಗೂ ಮುನ್ನ ಅವರನ್ನು ಮನೋವೈದ್ಯರ ಬಳಿಗೆ ಕಳುಹಿಸಿದೆ. ಥೈರಾಯ್ಡ್, ಬಿ12 ಮತ್ತು ಕಿವಿಯ ಪರೀಕ್ಷೆಗಳನ್ನೂ ಮಾಡಿಸಲು ಹೇಳಿದೆ. ಮಾತ್ರೆ ಶುರುವಾಯಿತು, ನಿದ್ದೆ ಸುಧಾರಿಸಿತು. ಬದುಕಿಗೆ ಅರ್ಥವೇನೆಂಬ ಪ್ರಶ್ನೆಗೆ ಮಾತ್ರೆ ಉತ್ತರ ಕೊಡುವುದಿಲ್ಲ, ಆದರೆ ಆ ಪ್ರಶ್ನೆಯೊಂದಿಗೆ ಕುಳಿತುಕೊಳ್ಳುವಷ್ಟು ಶಕ್ತಿಯನ್ನು ಕೊಡುತ್ತದೆ.

ನಾನು ಅವರ ಧರ್ಮದವಳಲ್ಲ. ಹಾಗಾಗಿ ಅವರ ಶ್ರದ್ಧೆಯ ಬಗ್ಗೆ ಅವರಿಗೇ ಉಪದೇಶ ಮಾಡುವ ಬದಲು, ಈ ದುಃಖಕ್ಕೆ ನಿಮ್ಮ ಪ್ರಾರ್ಥನೆಯಲ್ಲಿ ಮಾತಿದೆಯೇ ಎಂದು ಕೇಳಿದೆ. ಅವರು ಹೀಬ್ರೂ ಬೈಬಲಿನ ಕೀರ್ತನೆಗಳ 71ನೆಯ ಅಧ್ಯಾಯವನ್ನು ನೆನಪಿನಿಂದಲೇ ಹೇಳಿದರು: ಮುಪ್ಪಿನಲ್ಲಿ ನನ್ನನ್ನು ಎಸೆದುಬಿಡಬೇಡ, ಶಕ್ತಿ ಉಡುಗಿದಾಗ ಕೈಬಿಡಬೇಡ. ಹೇಳುತ್ತಾ ಹೇಳುತ್ತಾ ಅತ್ತರು. ಆ ಸಾಲು ನನಗೆ ಬಹಳ ಮುಖ್ಯವೆನಿಸಿತು, ಏಕೆಂದರೆ ಮುಪ್ಪಿಗೆ ಹೆದರುವುದು ಭಕ್ತಿಯ ಕೊರತೆ ಎಂದು ಅವರು ನಂಬಿಕೊಂಡಿದ್ದರು. ಆದರೆ ಅವರದೇ ಪರಂಪರೆ ಆ ಭಯವನ್ನು ಪವಿತ್ರ ಗ್ರಂಥದೊಳಗೆ ಬರೆದಿಟ್ಟುಕೊಂಡಿದೆ. ಒಳ್ಳೆಯದನ್ನೇ ಯೋಚಿಸಿ ಎಂದು ಅವರಿಗೆ ಹೇಳುತ್ತಿದ್ದ ಬಂಧುಗಳಿಗೆ ಈ ಸಾಲನ್ನು ತೋರಿಸಿ, ದೂರುವುದಕ್ಕೂ ಅವರಿಗೆ ಅವಕಾಶ ಕೊಡಿ ಎಂದು ಕೇಳಿಕೊಂಡೆ.

ಅವರ ಏಕಾಂಗಿತನಕ್ಕೆ ಮನೆಯಾಚೆಗೂ ಕಾರಣವಿತ್ತು. 1796ರಲ್ಲಿ ಮುಂಬೈಯಲ್ಲಿ ಮೊದಲ ಸಿನಗಾಗ್ ಕಟ್ಟಿಕೊಂಡ ಈ ಸಮುದಾಯದ ಬಹುಪಾಲು ಜನರು 1948ರಲ್ಲಿ ಇಸ್ರೇಲ್ ಸ್ಥಾಪನೆಯಾದ ನಂತರದ ದಶಕಗಳಲ್ಲಿ ಅಲ್ಲಿಗೆ ಹೊರಟುಹೋದರು. ಶ್ರೀ ಎ. ಅವರ ಜೊತೆಗೆ ಹಾಡು ಕಲಿತವರು ಒಂದೋ ಅಲ್ಲಿದ್ದಾರೆ, ಇಲ್ಲವೇ ತೀರಿಕೊಂಡಿದ್ದಾರೆ. ಯಹೂದಿ ಗುರುಗಳ ಚರ್ಚೆ, ಕಥೆಗಳ ಪ್ರಾಚೀನ ಸಂಗ್ರಹವಾದ ತಾಲ್ಮೂದ್‌ನಲ್ಲಿ ಬರುವ ಹೋನಿ ಎಂಬ ಸಾಧುವಿನ ಕಥೆಯನ್ನು ಅವರೇ ಎತ್ತಿದರು. ಫಲ ಬಿಡಲು 70 ವರ್ಷ ಹಿಡಿಯುವ ಕ್ಯಾರಬ್ ಗಿಡವನ್ನು ಮುಂದಿನವರಿಗಾಗಿ ನೆಡುವವನೊಬ್ಬನನ್ನು ಹೋನಿ ಕಾಣುವ ಪ್ರಸಂಗವನ್ನು ಎಲ್ಲರೂ ಹೇಳುತ್ತಾರೆ. ಆಮೇಲಿನ ಭಾಗವನ್ನು ಹೇಳುವವರು ಕಡಿಮೆ. ಹೋನಿ 70 ವರ್ಷ ನಿದ್ದೆಹೋಗಿ ಎಚ್ಚೆತ್ತಾಗ ಮಗ ಬದುಕಿರುವುದಿಲ್ಲ, ಮನೆಯವರು ಅವನನ್ನು ನಂಬುವುದಿಲ್ಲ. ವಿದ್ಯಾಶಾಲೆಗೆ ಹೋದರೆ ಅಲ್ಲಿನ ಪಂಡಿತರು ಹೋನಿಯ ಕಾಲದ ಪಾಂಡಿತ್ಯವನ್ನು ಕೊಂಡಾಡುತ್ತಿರುತ್ತಾರೆ, ಆದರೆ ಎದುರಿಗೆ ನಿಂತ ಹೋನಿಯನ್ನು ಗುರುತಿಸುವುದಿಲ್ಲ. ಅವನು ಸಾವನ್ನು ಬೇಡಿ ಸಾಯುತ್ತಾನೆ. ಸಂಗಡಿಗರಿರಬೇಕು, ಇಲ್ಲವೇ ಸಾವೇ ಲೇಸು ಎಂಬ ಲೋಕದ ಮಾತನ್ನು ರಾವಾ ಎಂಬ ಗುರು ಅಲ್ಲಿ ನೆನೆಯುತ್ತಾನೆ. "ನಾನು ಹೋನಿ" ಎಂದರು ಶ್ರೀ ಎ.

ಮುಪ್ಪಿನಲ್ಲಿ ಅರ್ಥವನ್ನು ನಮ್ಮೊಳಗೇ ಹುಡುಕಿಕೊಳ್ಳಬೇಕು ಎಂಬ ಸಲಹೆ ಈಗ ಎಲ್ಲೆಡೆ ಕೇಳಿಬರುತ್ತದೆ. ಒಂಟಿಯಾಗಿ ಕುಳಿತವರಿಗೆ ಅದು ಇನ್ನೊಂದು ಹೊರೆಯಾಗುತ್ತದೆ ಎಂಬುದು ನನ್ನ ಅನಿಸಿಕೆ. ಗುರುತಿಸುವ ಜನರ ನಡುವೆ ಒಂದು ಜಾಗವಿರುವುದೇ ಮೊದಲ ಅಗತ್ಯ. ಯಹೂದಿ ಸಂಪ್ರದಾಯದಲ್ಲಿ ಆ ಜಾಗ ಸಿದ್ಧವಾಗಿಯೇ ಇದೆ. ವಾರದ ದಿನಗಳಲ್ಲಿ ಸಿನಗಾಗ್‌ಗೆ ಎಷ್ಟು ಜನ ಬರುತ್ತಾರೆ ಎಂದು ವಿಚಾರಿಸಿದೆ. ಕೆಲವು ದಿನ ಒಂಬತ್ತೇ ಎಂದರು. ಹತ್ತು ಗಂಡಸರು ಸೇರದೆ ಮಿನ್ಯಾನ್, ಅಂದರೆ ಸಾಮೂಹಿಕ ಪ್ರಾರ್ಥನೆಗೆ ಬೇಕಾದ ಕನಿಷ್ಠ ಕೂಟ, ಆಗುವುದಿಲ್ಲ. ಮಿನ್ಯಾನ್ ಇಲ್ಲದೆ, ಅಗಲಿದವರಿಗಾಗಿ ಹೇಳುವ ಕದ್ದಿಶ್ ಪ್ರಾರ್ಥನೆಯೂ ಇಲ್ಲ. ಮನುಷ್ಯರನ್ನು ಒಂದು, ಎರಡು ಎಂದು ಎಣಿಸಬಾರದೆಂಬ ರೂಢಿ ಇರುವುದರಿಂದ ಹತ್ತು ಪದಗಳ ಒಂದು ಕೀರ್ತನೆಯ ಸಾಲನ್ನು ತಲೆಗೊಂದು ಪದದಂತೆ ಹೇಳುತ್ತಾ ಹೋಗುತ್ತಾರಂತೆ. ಅವರು ಮೇಜಿನ ಮೇಲೆ ಬೆರಳಿಟ್ಟು ಆ ಸಾಲನ್ನು ಹಾಗೆಯೇ ಹೇಳಿ ತೋರಿಸಿದರು. ಒಂಬತ್ತನೆಯ ಪದಕ್ಕೆ ಬೆರಳು ನಿಂತಿತು. ತಂದೆಯನ್ನು ಕಳೆದುಕೊಂಡ ಯುವಕನೊಬ್ಬ ಇತ್ತೀಚೆಗೆ ಕದ್ದಿಶ್ ಹೇಳಲಾಗದೆ ಮನೆಗೆ ಮರಳಿದ್ದನ್ನು ಯಾರೋ ಅವರಿಗೆ ತಿಳಿಸಿದ್ದರಂತೆ.

ಹತ್ತನೆಯವರಿಗೆ ಒಳ್ಳೆಯ ಕಂಠ ಇರಲೇಬೇಕೇ ಎಂದು ಕೇಳಿದೆ. ಬೇಡ, ಬಂದು ಕುಳಿತರೆ ಸಾಕು ಎಂದು ಹೇಳಿ ಬಹಳ ಹೊತ್ತು ಸುಮ್ಮನಿದ್ದರು.

ನನ್ನ ಮೊದಲ ಸಲಹೆ ಇದರಿಂದಲೇ ಹೊರಟಿತು: ಹಾಡಲು ಹೋಗಬೇಡಿ, ಹತ್ತರಲ್ಲಿ ಒಬ್ಬರಾಗಿರಲು ಹೋಗಿ. ದೇವರ ಸೇವೆಗೆ ಮೀಸಲಾದ ಲೇವಿ ಕುಲದವರು ಐವತ್ತನೆಯ ವಯಸ್ಸಿಗೆ ಆರಾಧನೆಯ ಗುಡಾರದ ಭಾರದ ಕೆಲಸದಿಂದ ನಿವೃತ್ತರಾಗಿ, ಆಮೇಲೂ ಸೋದರರ ಜೊತೆಗಿದ್ದು ಕಾವಲಿಗೆ ನೆರವಾಗಬೇಕೆಂಬ ನಿಯಮ ಬೈಬಲಿನ ಅರಣ್ಯಕಾಂಡದಲ್ಲಿದೆ. ಅದನ್ನು ಒಟ್ಟಿಗೆ ಕುಳಿತು ಓದಿದೆವು. ಪ್ರವಾದಿ ಮೋಶೆ ಒಡೆದ, ದೇವರ ಆಜ್ಞೆಗಳಿದ್ದ ಕಲ್ಲಿನ ಹಲಗೆಗಳನ್ನು ಇಡೀ ಹಲಗೆಗಳ ಜೊತೆಗೇ ಮಂಜೂಷ ಎಂಬ ಪವಿತ್ರ ಪೆಟ್ಟಿಗೆಯಲ್ಲಿ ಇಟ್ಟಿದ್ದರಿಂದ, ಕಲಿತದ್ದನ್ನು ಮರೆತುಹೋದ ವೃದ್ಧನನ್ನೂ ಗೌರವಿಸಬೇಕು ಎಂಬ ತಾಲ್ಮೂದ್‌ನ ಮಾತು ಅವರಿಗೆ ಗೊತ್ತಿತ್ತು. ಅದನ್ನು ಇತರರಿಗೆ ಎಷ್ಟೋ ಸಲ ಹೇಳಿದ್ದರು. ತಮಗೆ ಮಾತ್ರ ಹೇಳಿಕೊಂಡಿರಲಿಲ್ಲ.

ಎರಡನೆಯ ಸಲಹೆ ಅಶ್ದೋದ್‌ನ ಮಕ್ಕಳಿಗೆ. ಫೋನಿನಲ್ಲಿ ಊಟವಾಯಿತೇ, ಮಾತ್ರೆ ತೆಗೆದುಕೊಂಡಿರಾ ಎಂಬ ವಿಚಾರಣೆಯಷ್ಟಕ್ಕೇ ನಿಲ್ಲದೆ, ಅಪ್ಪನಿಗೆ ಮಾತ್ರ ಗೊತ್ತಿರುವುದನ್ನು ಕೇಳಿ ಎಂದೆ. ಪ್ರವಾದಿ ಎಲೀಯನನ್ನು ನೆನೆದು ಶುಭಸಂದರ್ಭಗಳಲ್ಲಿ ಮಲಿದಾ ಮಾಡುವುದು ಬೆನೆ ಇಸ್ರೇಲರ ಪದ್ಧತಿ: ನೆನೆಸಿದ ಅವಲಕ್ಕಿಗೆ ತೆಂಗಿನ ತುರಿ, ಸಕ್ಕರೆ, ಏಲಕ್ಕಿ ಬೆರೆಸಿ, ಹಣ್ಣುಗಳೊಂದಿಗೆ ತಟ್ಟೆಯಲ್ಲಿಟ್ಟು ಹಾಡುತ್ತಾರೆ. ಪತ್ನಿ ಹೋದ ಮೇಲೆ ಈ ಮನೆಯಲ್ಲಿ ಅದು ನಿಂತಿತ್ತು. ಮಗಳು ವಿಡಿಯೊ ಕರೆಯಲ್ಲಿ ಆ ಹಾಡನ್ನು ಒಂದೊಂದೇ ಸಾಲಾಗಿ ಕೇಳಿ ಬರೆದುಕೊಳ್ಳತೊಡಗಿದಳು. ಒಂದೊಂದೇ ಸಾಲಾದ್ದರಿಂದ ಉಸಿರಿನ ತೊಂದರೆಯೂ ಕಾಡಲಿಲ್ಲ.

ಮೂರನೆಯದು, ಮೊಮ್ಮಕ್ಕಳಿಗೆ ಒಂದು ಪತ್ರ. ಆಸ್ತಿಯ ಉಯಿಲಿನ ಹಾಗೆ ಬಾಳಿನ ನಂಬಿಕೆಗಳನ್ನೂ ಬರೆದಿಟ್ಟು ಹೋಗುವ ಹಳೆಯ ಸಂಪ್ರದಾಯ ಯಹೂದಿಗಳಲ್ಲಿದೆ. ಬುದ್ಧಿವಾದಕ್ಕಿಂತ ನಡೆದದ್ದನ್ನು ಬರೆಯಿರಿ, ಪಶ್ಚಾತ್ತಾಪವಿದ್ದರೆ ಅದನ್ನೂ ಸೇರಿಸಿ ಎಂದು ಸೂಚಿಸಿದೆ. ತಮ್ಮನೊಂದಿಗೆ ಮುರಿದುಬಿದ್ದ ಸಂಬಂಧದ ವಿಷಯ ಬಂದಾಗ ಬರವಣಿಗೆ ನಿಂತಿತು, ಒತ್ತಾಯಿಸಲಿಲ್ಲ.

ಶಾಶ್ವತವಾಗಿ ಇಸ್ರೇಲಿಗೆ ಹೋಗುವ ನಿರ್ಧಾರವನ್ನು ಪತ್ನಿ ತೀರಿಕೊಂಡು ಒಂದು ವರ್ಷ ಕಳೆಯುವವರೆಗೆ ಮುಂದೂಡಬೇಕೆಂದೂ, ಅದಕ್ಕೆ ಮುನ್ನ ಪಸ್ಕ ಹಬ್ಬಕ್ಕೆ ಕೆಲವು ವಾರ ಹೋಗಿ ಅಲ್ಲಿ ತಮ್ಮನ್ನು ಬಲ್ಲ ಜನರು ಯಾರಿದ್ದಾರೆ ಎಂದು ನೋಡಿಬರಬೇಕೆಂದೂ ಸಲಹೆ ಕೊಟ್ಟೆ. ಮಗನಿಗೆ ಇದು ಹಿಡಿಸಲಿಲ್ಲ. ಅಪ್ಪ ಒಬ್ಬರೇ ಇರುವುದು ಅಪಾಯ ಎಂಬ ಅವನ ಆತಂಕ ನ್ಯಾಯವಾದದ್ದೇ. ಆದ್ದರಿಂದ ಹಗಲಿಗೆ ಒಬ್ಬ ಸಹಾಯಕರನ್ನು ಗೊತ್ತುಮಾಡಲಾಯಿತು. ಶ್ರೀ ಎ. ಈಗ ಶನಿವಾರಗಳಲ್ಲಿ ತಪ್ಪದೆ, ಜನ ಸಾಲದೆಂದು ಕರೆ ಬಂದರೆ ವಾರದ ನಡುವೆಯೂ ಸಿನಗಾಗ್‌ಗೆ ಹೋಗುತ್ತಿದ್ದಾರೆ. ಔಷಧಿ ಮುಂದುವರಿದಿದೆ. ಮುಂದಿನ ಭೇಟಿಯಲ್ಲಿ ತಮ್ಮನ ವಿಷಯ ಮಾತಾಡೋಣ ಎಂದು ಅವರೇ ಹೇಳಿದ್ದಾರೆ.