ಹೆವಿ ಮೆಟಲ್ ಸಂಗೀತ ಹುಟ್ಟಿದ್ದು ಎಲ್ಲಿ, ಹೇಗೆ?

ಬೇರು ಅಮೆರಿಕದ ಕಪ್ಪು ಜನರ ಸಂಗೀತವಾದ ಬ್ಲೂಸ್‌ನಲ್ಲಿದೆ. 1960ರ ದಶಕದ ಕೊನೆಗೆ ಕ್ರೀಮ್ ಮತ್ತು ಲೆಡ್ ಜೆಪ್ಲಿನ್ ತಂಡಗಳವರು, ಗಿಟಾರಿಸ್ಟ್ ಜಿಮಿ ಹೆಂಡ್ರಿಕ್ಸ್ ಗಿಟಾರ್ ಸದ್ದನ್ನು ಆಗಲೇ ಒರಟಾಗಿಸಿದ್ದರು. ಆದರೆ ನನ್ನ ಪ್ರಕಾರ ಅದು ನಿಜಕ್ಕೂ ಹೆವಿ ಮೆಟಲ್ ಆದದ್ದು ಇಂಗ್ಲೆಂಡಿನ ಕಾರ್ಖಾನೆಗಳ ಊರು ಬರ್ಮಿಂಗ್‌ಹ್ಯಾಮ್‌ನ ಬ್ಲ್ಯಾಕ್ ಸಬ್ಬತ್ ತಂಡದಿಂದ.

ಅದರ ಗಿಟಾರಿಸ್ಟ್ ಟೋನಿ ಅಯೋಮಿ 17ನೇ ವಯಸ್ಸಿನಲ್ಲಿ ತಗಡಿನ ಕಾರ್ಖಾನೆಯ ಯಂತ್ರಕ್ಕೆ ಸಿಕ್ಕು ಬಲಗೈಯ ಎರಡು ಬೆರಳುಗಳ ತುದಿ ಕಳೆದುಕೊಂಡರು. ಅವರು ಎಡಚರು, ಹಾಗಾಗಿ ತಂತಿ ಒತ್ತಬೇಕಾದದ್ದೇ ಆ ಬೆರಳುಗಳಿಂದ! ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೊಪ್ಪಿ ಮಾಡಿಕೊಂಡರು, ತೆಳು ತಂತಿ ಹಾಕಿದರು, ಮುಂದೆ ಶ್ರುತಿಯನ್ನೂ ಇಳಿಸಿದರು. ತಂತಿ ಸಡಿಲಾಯಿತು, ನಾದ ಇನ್ನಷ್ಟು ಗಾಢವಾಯಿತು.

ಬ್ಲ್ಯಾಕ್ ಸಬ್ಬತ್ ತಂಡದ ಮೊದಲ ಆಲ್ಬಮ್ ಬಂದದ್ದು 1970ರ ಫೆಬ್ರವರಿ 13ರಂದು. ಮೊದಲ ಹಾಡಿನಲ್ಲಿ ಮಳೆ, ಗಂಟೆ, ಆಮೇಲೆ ನಿಧಾನಗತಿಯ ರಿಫ್, ಅಂದರೆ ಮತ್ತೆ ಮತ್ತೆ ಬರುವ ಗಿಟಾರ್ ತುಣುಕು. ಷಡ್ಜದಿಂದ ಪ್ರತಿ ಮಧ್ಯಮಕ್ಕೆ ಇರುವ ಅಂತರವೇ ಆ ರಿಫ್‌ನ ಜೀವಾಳ.