ಜೀಬ್ರಾ ಪಟ್ಟಿ ಮೇಲೆ ಗಾಲಿ ಇತ್ತು ಅಂತ ದಂಡ: ಬೆಳಗಾವಿ ಕೋರ್ಟಿನಲ್ಲಿ ತಕರಾರು ಮಾಡೋದು ಹೇಗೆ?

ನಿಮ್ಮ ಪ್ರಶ್ನೆ ಇಷ್ಟು: ಬೆಳಗಾವಿಯ ಸರ್ಕಲ್ ಒಂದರಲ್ಲಿ ಕೆಂಪು ದೀಪ ಇದ್ದಾಗ ಬೈಕಿನ ಮುಂದಿನ ಗಾಲಿ ಜೀಬ್ರಾ ಪಟ್ಟಿ ಮೇಲಿತ್ತು ಅಂತ ಫೋಟೋ ಸಮೇತ ನೋಟಿಸ್ ಬಂದಿದೆ. ಆದರೆ ಆಂಬ್ಯುಲೆನ್ಸಿಗೆ ದಾರಿ ಬಿಡಲು ಮುಂದೆ ಸರಿಯಿರಿ ಅಂತ ಅಲ್ಲಿದ್ದ ಪೊಲೀಸರೇ ಕೈಸನ್ನೆ ಮಾಡಿದ್ದರು. ದಂಡ ಕಟ್ಟದೆ ಕೋರ್ಟಿಗೆ ಹೋಗಬಹುದಾ?

ಖಂಡಿತ ಹೋಗಬಹುದು. ವಕೀಲರಿಲ್ಲದೆ ನೀವೇ ನಿಂತು ವಾದ ಮಾಡಲಿಕ್ಕೂ ಬರುತ್ತದೆ. ಆದರೆ ನೋಟಿಸ್ ಬಂದ ಮೊದಲ ವಾರ ನೀವು ಏನು ಮಾಡುತ್ತೀರಿ ಅನ್ನೋದರ ಮೇಲೆ ಅರ್ಧ ಕೇಸು ನಿಂತಿರುತ್ತದೆ.

ಮೊದಲು ನೋಟಿಸಿನಲ್ಲಿ ಯಾವ ಕಲಂ ಹಾಕಿದ್ದಾರೆ ನೋಡ್ರಿ. ಮೋಟಾರು ವಾಹನ ಕಾಯ್ದೆಯ ಕಲಂ 119 ಮತ್ತು 177 ಇದ್ದರೆ ಸಂಚಾರ ಚಿಹ್ನೆ ಪಾಲಿಸಲಿಲ್ಲ ಅನ್ನೋ ಸಣ್ಣ ಆರೋಪ. ಮೊದಲ ಸಲಕ್ಕೆ ಗರಿಷ್ಠ ದಂಡ 500 ರೂಪಾಯಿ, ಆಮೇಲೆ ಮತ್ತೆ ಆದರೆ 1,500ರವರೆಗೆ. ಕಲಂ 184 ಇದ್ದರೆ ಮಾತ್ರ ವಿಷಯ ಬೇರೆ. ಅದು ಅಪಾಯಕಾರಿ ಚಾಲನೆ. ಸಿಗ್ನಲ್ ಜಂಪ್ ಅದರಲ್ಲೇ ಬರುತ್ತದೆ. ಅದಕ್ಕೆ 1,000ದಿಂದ 5,000 ರೂಪಾಯಿ ದಂಡ ಇದೆ, ಜೈಲು ಶಿಕ್ಷೆಗೂ ಅವಕಾಶ ಇದೆ. ಗೆರೆ ದಾಟಿ ನಿಂತಿದ್ದಕ್ಕೂ ಕೆಂಪು ದೀಪ ಇದ್ದಾಗ ಸರ್ಕಲ್ ದಾಟಿ ಹೋಗಿದ್ದಕ್ಕೂ ಬಹಳ ವ್ಯತ್ಯಾಸ. ನಿಂತ ಗಾಡಿಯ ಒಂದೇ ಫೋಟೋ ಇಟ್ಟುಕೊಂಡು 184 ಹಾಕಿದ್ದರೆ ನೀವು ಸುಮ್ಮನೆ ಕಟ್ಟಿ ಬರಬಾರದು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ಆಮೇಲೆ ಫೋಟೋ ದೊಡ್ಡದು ಮಾಡಿ ನೋಡ್ರಿ. ದೀಪ ಕೆಂಪಿದ್ದದ್ದು ಅದೇ ಚಿತ್ರದಲ್ಲಿ ಕಾಣುತ್ತದೆಯೇ? ಜೀಬ್ರಾಕ್ಕಿಂತ ಮುಂಚೆ ಇರುವ ಅಡ್ಡ ಬಿಳಿ ಗೆರೆ, ಅಂದರೆ ಸ್ಟಾಪ್ ಲೈನ್, ಕಾಣುತ್ತದೆಯೇ, ಅಥವಾ ಅಳಿಸಿ ಹೋಗಿದೆಯೇ? ದಿನಾಂಕ, ಹೊತ್ತು, ಜಾಗ ಬರೆದಿದೆಯೇ? ನಂಬರ್ ಪ್ಲೇಟನ್ನು ಅಕ್ಷರ ಅಕ್ಷರ ಓದ್ರಿ. 3 ಮತ್ತು 8 ಅದಲುಬದಲಾದರೆ ಚಿಕ್ಕೋಡಿಯ ಕೆಎ 23 ಗಾಡಿ ಮಾಡಿದ್ದಕ್ಕೆ ವಿಜಯಪುರದ ಕೆಎ 28 ಗಾಡಿಯವರಿಗೆ ನೋಟಿಸ್ ಹೋಗುತ್ತದೆ. ಕ್ಯಾಮೆರಾದಿಂದ ಹಾಕಿದ ಕೇಸಿಗೆ ತಪ್ಪೂ ನಂಬರೂ ಸ್ಪಷ್ಟ ಕಾಣುವ ಫೋಟೋ, ಸಮಯ, ಸ್ಥಳ, ಯಾವ ಕಲಂ ಅನ್ನೋದನ್ನು ಕೊಡಲೇಬೇಕು ಅಂತ ಕೇಂದ್ರ ಮೋಟಾರು ವಾಹನ ನಿಯಮ 167ಎ ಹೇಳುತ್ತದೆ.

ಅದೇ ವಾರ ಆ ಜಾಗಕ್ಕೆ ಹೋಗಿ, ಹೆಚ್ಚುಕಡಿಮೆ ಅದೇ ಹೊತ್ತಿನಲ್ಲಿ, ಗಾಡಿ ಮೇಲೆ ಕೂತವರ ಕಣ್ಣಿಗೆ ಗೆರೆ ಹೇಗೆ ಕಾಣುತ್ತದೋ ಆ ಎತ್ತರದಿಂದ ಫೋಟೋ ತೆಗೀರಿ. ತಿಂಗಳು ಬಿಟ್ಟು ಹೋದರೆ ಹೊಸ ಬಣ್ಣ ಬಳಿದಿರುತ್ತಾರೆ, ನಿಮ್ಮ ಸಾಕ್ಷಿ ಅಲ್ಲಿಗೇ ಮುಗಿಯಿತು.

ನಿಮ್ಮ ಕೇಸಿನ ಜೀವ ಇರೋದು ಪೊಲೀಸರ ಕೈಸನ್ನೆಯಲ್ಲಿ. ಕಲಂ 119 ದೀಪವನ್ನಷ್ಟೇ ಅಲ್ಲ, ಸ್ಥಳದಲ್ಲಿ ಸಂಚಾರ ನಿಯಂತ್ರಿಸುವ ಪೊಲೀಸರ ಸೂಚನೆಯನ್ನೂ ಪಾಲಿಸಬೇಕು ಅನ್ನುತ್ತದೆ. ಆದರೆ ಒಂದೇ ಫೋಟೋದಲ್ಲಿ ಸನ್ನೆಯೂ ಕಾಣೋದಿಲ್ಲ, ಹಿಂದಿದ್ದ ಆಂಬ್ಯುಲೆನ್ಸೂ ಕಾಣೋದಿಲ್ಲ. ಅದಕ್ಕೆ ವಿಡಿಯೋನೇ ಬೇಕು, ಮತ್ತು ಕ್ಯಾಮೆರಾದ ಹಳೆಯ ವಿಡಿಯೋ ಸ್ವಲ್ಪ ದಿನದಲ್ಲಿ ಅಳಿಸಿ ಹೋಗುತ್ತದೆ. ಹಾಗಾಗಿ ನೋಟಿಸ್ ಕೊಟ್ಟ ಸಂಚಾರ ಠಾಣೆಗೆ ಇಂದೇ ಅರ್ಜಿ ಬರೀರಿ: ನೋಟಿಸ್ ನಂಬರು, ದಿನಾಂಕ, ಹೊತ್ತು ಹಾಕಿ, ಆ ಹೊತ್ತಿನ ಹಿಂದೆ ಮುಂದೆ ಐದೈದು ನಿಮಿಷದ ವಿಡಿಯೋ ಕಾಯ್ದಿಡಬೇಕು, ಪಾಯಿಂಟ್ ಡ್ಯೂಟಿ ಮೇಲೆ, ಅಂದರೆ ಆ ಸರ್ಕಲಿನಲ್ಲಿ ನಿಂತು ಸಂಚಾರ ನಿಯಂತ್ರಿಸುವ ಕೆಲಸದಲ್ಲಿ, ಯಾರಿದ್ದರು ತಿಳಿಸಬೇಕು, ದಂಡಕ್ಕೆ ನನ್ನ ಆಕ್ಷೇಪಣೆ ಇದೆ ಅಂತ. ಎರಡು ಪ್ರತಿ ಒಯ್ಯಿರಿ, ಒಂದರ ಮೇಲೆ ಸೀಲು, ಸಹಿ, ತಾರೀಖು ಹಾಕಿಸಿಕೊಂಡು ಬರ್ರಿ. ಆಕ್ಷೇಪಣೆಗೆ ನೋಟಿಸಿನಲ್ಲಿ ಗಡುವು ಕೊಟ್ಟಿದ್ದರೆ ಅದರೊಳಗೇ ಇದು ಆಗಬೇಕು. ಮಾಹಿತಿ ಹಕ್ಕಿನಲ್ಲೂ 10 ರೂಪಾಯಿ ಕಟ್ಟಿ ಕೇಳಬಹುದು. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. ಉತ್ತರಕ್ಕೆ 30 ದಿನ ಇರುವುದರಿಂದ ಇದೊಂದನ್ನೇ ನಂಬಿ ಕೂಡಬೇಡ್ರಿ.

ಈ ನಡುವೆ ಅರ್ಧ ದಂಡದ ರಿಯಾಯಿತಿ ಬಂತು ಅಂತ ಕಟ್ಟಿಬಿಟ್ಟರೆ ಕೇಸು ಅಲ್ಲಿಗೇ ಮುಗಿಯುತ್ತದೆ, ಆಮೇಲೆ ತಕರಾರು ಇಲ್ಲ. ಪ್ರಕರಣ ವರ್ಚುವಲ್ ಕೋರ್ಟಿಗೆ, ಅಂದರೆ ಇಂಥ ದಂಡಗಳನ್ನು ಆನ್‌ಲೈನಿನಲ್ಲೇ ನೋಡುವ ಕೋರ್ಟಿಗೆ, ಹೋಗಿದ್ದರೆ ಅದರ ವೆಬ್‌ಸೈಟಿನಲ್ಲಿ ದಂಡ ಕಟ್ಟುವುದರ ಪಕ್ಕದಲ್ಲೇ ತಕರಾರು ಮಾಡುವ ಆಯ್ಕೆ ಇರುತ್ತದೆ. ಅದನ್ನು ಒತ್ತಿದರೆ ಕೇಸು ನಿಮ್ಮ ವ್ಯಾಪ್ತಿಯ ಕೋರ್ಟಿಗೆ ಬರುತ್ತದೆ.

ಸಮನ್ಸ್ ಬಂದ ಮೇಲೆ ಚೆನ್ನಮ್ಮ ಸರ್ಕಲ್ ಹತ್ತಿರದ ಕೋರ್ಟ್ ಆವರಣದಲ್ಲಿ ಯಾವ ಜೆಎಂಎಫ್‌ಸಿ (ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್ ಕೋರ್ಟ್) ಅಂತ ನೋಡಿ, ಕಲಾಪ ಶುರುವಾಗುವ ಮುಂಚೆ ಕೋರ್ಟ್ ಹಾಲ್ ಒಳಗೆ ಇರ್ರಿ. ಆಧಾರ್, ಆರ್‌ಸಿ, ಲೈಸೆನ್ಸ್, ವಿಮೆ, ಅರ್ಜಿಯ ಸ್ವೀಕೃತಿ ಪ್ರತಿ, ಪ್ರಿಂಟ್ ಹಾಕಿಸಿದ ಫೋಟೋಗಳು ಜೊತೆಗಿರಲಿ. ಬೆಂಚ್ ಕ್ಲರ್ಕ್ ಹತ್ತಿರ ಸಿ.ಸಿ. ನಂಬರು, ಅಂದರೆ ಕೇಸಿನ ನಂಬರು, ಹೇಳಿ, ಹಾಜರಿದ್ದೇನೆ ಅಂತ ತಿಳಿಸ್ರಿ. ಬರಲಿಕ್ಕಾಗದ ದಿನ ಗೈರುಹಾಜರಿ ಮನ್ನಿಸುವ ಅರ್ಜಿ ಹಾಕಿಸಲೇಬೇಕು, ಇಲ್ಲದಿದ್ದರೆ ವಾರಂಟ್ ಹೊರಡಬಹುದು.

ಬಹಳ ಜನ ಎಡವುವುದು ಇಲ್ಲೇ. ಆರೋಪ ಓದಿ ಹೇಳಿ "ತಪ್ಪು ಒಪ್ಪಿಕೊಳ್ಳುತ್ತೀರಾ?" ಅಂತ ನ್ಯಾಯಾಧೀಶರು ಕೇಳುತ್ತಾರೆ. "ಹೌದು ಸಾಹೇಬ್ರ, ಆದರೆ ಪೊಲೀಸರೇ ಹೇಳಿದ್ದರು" ಅಂದರೆ, ಮೊದಲ ಎರಡು ಪದ ತಪ್ಪೊಪ್ಪಿಗೆಯಾಗಿ ದಾಖಲಾಗುವ ಅಪಾಯ ಇದೆ. "ಇಲ್ಲ, ಒಪ್ಪುವುದಿಲ್ಲ, ವಿಚಾರಣೆ ಆಗಲಿ" ಅಷ್ಟೇ ಹೇಳ್ರಿ. ಒಪ್ಪಿಕೊಂಡ ಮೇಲೆ ಅಪೀಲಿನ ದಾರಿಯೂ ಬಹುತೇಕ ಮುಚ್ಚಿಹೋಗುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಹಳೆಯ ಸಿಆರ್‌ಪಿಸಿ ಬದಲು ಬಂದ ಕಾನೂನು) ಕಲಂ 274ರಲ್ಲಿ, ಆರೋಪಕ್ಕೆ ಆಧಾರವೇ ಇಲ್ಲ ಅನ್ನಿಸಿದರೆ ಕಾರಣ ಬರೆದು ಈ ಹಂತದಲ್ಲೇ ಬಿಡುಗಡೆ ಮಾಡುವ ಅವಕಾಶ ಸೇರಿದೆ. ನಂಬರ್ ತಪ್ಪು ಓದಿದಂಥ ಕೇಸಿಗೆ ಇದು ಬಹಳ ಉಪಯೋಗ. ಆರೋಪಕ್ಕೆ ಆಧಾರ ಏಕಿಲ್ಲ ಅನ್ನೋ ಲಿಖಿತ ಟಿಪ್ಪಣಿ ಆಗಲೇ ಕೊಡ್ರಿ.

ವಿಚಾರಣೆಗೆ ಬಂದರೆ ಕೇಸು ಹಾಕಿದ ಅಧಿಕಾರಿಗೆ ಪಾಟಿ ಸವಾಲು ಮಾಡುವವರು ನೀವೇ. ಭಾಷಣ ಬೇಡ, ಚುಟುಕು ಪ್ರಶ್ನೆ ಸಾಕು: ಆ ಹೊತ್ತಿಗೆ ನೀವು ಸ್ಥಳದಲ್ಲಿದ್ದಿರಾ? ಪಾಯಿಂಟ್ ಮೇಲೆ ಯಾರಿದ್ದರು, ಅವರ ಹೇಳಿಕೆ ಪಡೆದಿದ್ದೀರಾ? ನಾನು ವಿಡಿಯೋ ಕೇಳಿ ಅರ್ಜಿ ಕೊಟ್ಟಿದ್ದೆ, ಏಕೆ ಹಾಜರು ಮಾಡಿಲ್ಲ? ಈ ಫೋಟೋಕ್ಕೆ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63ರ ಪ್ರಮಾಣಪತ್ರ ಇದೆಯೇ? ವಿದ್ಯುನ್ಮಾನ ದಾಖಲೆಗೆ ಆ ಪ್ರಮಾಣಪತ್ರ ಬೇಕು, ಅದರಲ್ಲಿ ಎ ಮತ್ತು ಬಿ ಅಂತ ಎರಡು ಭಾಗ ಇವೆ. ಎರಡರಲ್ಲಿ ಒಂದು ಇಲ್ಲದಿದ್ದರೂ ಆಕ್ಷೇಪಣೆ ದಾಖಲಿಸಿಕೊಳ್ಳಿ ಅಂತ ಕೇಳ್ರಿ.

500 ರೂಪಾಯಿ ಉಳಿಸಲಿಕ್ಕೆ ಇಷ್ಟೆಲ್ಲ ಓಡಾಟ ಲೆಕ್ಕಕ್ಕೆ ಬರೋದಿಲ್ಲ, ನಿಜ. ಸುಮ್ಮನೆ ಗೆರೆ ದಾಟಿ ನಿಂತಿದ್ದರೆ ಕಟ್ಟಿಬಿಡ್ರಿ ಅನ್ನುತ್ತಿದ್ದೆ. ಆ ಪಟ್ಟಿ ನಡೆದು ದಾಟುವ ಮುದುಕರು ಮಕ್ಕಳದು, ನಮ್ಮ ಗಾಲಿಯದಲ್ಲ. ಆದರೆ ಆಂಬ್ಯುಲೆನ್ಸಿಗೆ ದಾರಿ ಬಿಟ್ಟವರಿಗೆ ದಂಡ ಬೀಳಬಾರದು. ವಕೀಲರ ಖರ್ಚು ಭಾರವಾದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ವಿಚಾರಿಸ್ರಿ, ಸಹಾಯವಾಣಿ 15100.

ಸೋತರೆ 30 ದಿನದೊಳಗೆ ಸೆಷನ್ಸ್ ಕೋರ್ಟಿಗೆ ಅಪೀಲು. ಗೆದ್ದರೆ ಆದೇಶದ ದೃಢೀಕೃತ ನಕಲು ಪಡೆದು ಠಾಣೆಗೆ ಕೊಟ್ಟು, ಪೋರ್ಟಲಿನಲ್ಲಿ ಚಲನ್ ತೆಗೆಸ್ರಿ. ಅದು ಬಾಕಿ ಅಂತಲೇ ತೋರಿಸುತ್ತಿದ್ದರೆ ಮುಂದೆ ಗಾಡಿ ಮಾರುವಾಗ ಆರ್‌ಟಿಓದಲ್ಲಿ ತೊಡಕಾಗುತ್ತದೆ.